ಆಲೂಗಡ್ಡೆ ಪಾದ್ರಿ

ನಿವೃತ್ತಿಯಾದ ಮೇಲೆ ಬದುಕು ಸಪ್ಪೆ ಅನ್ನುವವರನ್ನೆಲ್ಲ ಕರೆದು, ಹಾಸನದ ನಮ್ಮ ಮನೆಯ ಮಹಡಿ ಮೆಟ್ಟಿಲ ಮೇಲೆ ಒಂದು ವಾರ ಕೂರಿಸಬೇಕು. ಅಲ್ಲಿ ದಿನಕ್ಕೊಂದು ನಡೆಯುತ್ತದೆ. ಬೇಡ ಅಂದರೂ ನಡೆಯುತ್ತದೆ!

ಕಾರಣ, ಮಹಡಿಯ ಬಾಡಿಗೆದಾರ. ನೆದರ್ಲೆಂಡ್ಸ್ ದೇಶದವನು, ಆಲೂಗಡ್ಡೆ ತಜ್ಞ. ನಮ್ಮ ಜಿಲ್ಲೆಯ ಹೊಲಗಳಲ್ಲಿ ಹೊಸ ಬಿತ್ತನೆ ಗೆಡ್ಡೆ ಹಾಕಿಸಿ ನೋಡಲು ಬಂದಿದ್ದಾನೆ. ಎರಡು ಮುಂಗಾರು ಕಳೆದರೆ ತಾನೆ ಯಾವ ಗೆಡ್ಡೆ ಅಂಗಮಾರಿ ರೋಗಕ್ಕೆ ಬಗ್ಗುವುದಿಲ್ಲ ಅಂತ ಗೊತ್ತಾಗುವುದು? ಅಲ್ಲಿಯವರೆಗೆ ಆತ ಇಲ್ಲಿ ಇರಲೇಬೇಕು. ಆದರೆ ಇರಗೊಡಬೇಕಲ್ಲ!

ನಾನು ಕೃಷಿ ಓದಿ, ಕೃಷಿ ಕಚೇರಿಯಲ್ಲೇ ಸವೆದವನು. ಆತನ ಜೊತೆ ಹೊಲಕ್ಕೆ ಹೋಗಿ ಅವನ ಇಂಗ್ಲಿಷನ್ನು ಕನ್ನಡ ಮಾಡುವುದು, ರೈತರ ಕನ್ನಡವನ್ನು ಇಂಗ್ಲಿಷ್ ಮಾಡುವುದು ಈಗ ನನ್ನ ಉದ್ಯೋಗ. ಸಂಬಳ ಕೇಳಬೇಡಿ. ನಾನೇ ಕೊಟ್ಟು ಹೋಗಬೇಕು, ಅಷ್ಟು ಮಜಾ!

೧. ಎದುರುಮನೆಯ ಎಚ್ಚರಿಕೆ

ಆತ ಬಂದಿಳಿದಾಗ ಬಿಳಿ ಅಂಗಿ, ಕುರುಚಲು ಗಡ್ಡ, ಹೆಗಲಲ್ಲಿ ಕರಿ ಚೀಲ. ಬೀದಿಯವರಿಗೆಲ್ಲ ಕೈಮುಗಿದು ಮೆಲ್ಲಗೆ ನಕ್ಕ. ಅಷ್ಟೇ ಸಾಕಾಯಿತು. ಸಂಜೆಯೊಳಗೆ ಎದುರುಮನೆಯ ನಿವೃತ್ತ ಹೆಡ್‌ಮೇಷ್ಟ್ರು ನಮ್ಮ ಜಗಲಿ ಹತ್ತಿದರು.

"ಏನ್ ಸ್ವಾಮೀ, ಮಹಡಿಗೆ ಪಾದ್ರಿ ಬಂದಿದ್ದಾನಂತೆ?"

"ಪಾದ್ರಿ ಅಲ್ಲ ಮೇಷ್ಟ್ರೇ, ಆಲೂಗಡ್ಡೆಯವನು."

"ಮೊದಲು ಎಲ್ಲ ಆಲೂಗಡ್ಡೆ ಅಂತಲೇ ಬರೋದು. ಆಮೇಲೆ ಚೀಲದಿಂದ ಪುಸ್ತಕ ಹೊರಗೆ ಬರುತ್ತೆ. ಪುಸ್ತಕ ಬಂದ ದಿನವೇ ಮನೆ ಖಾಲಿ ಮಾಡಿಸಬೇಕು, ಈಗಲೇ ಹೇಳಿದ್ದೀನಿ!"

ಅಡುಗೆಮನೆಯಿಂದ ನಮ್ಮ ಮನೆಯವಳೂ ದನಿಗೂಡಿಸಿದಳು: "ರೀ, ಅವರು ಹೇಳೋದೂ ಸರಿ. ಒಂದ್ಮಾತು ಕೇಳಿಬಿಡಿ."

ಕೇಳಿದೆ. ಆತ ಬಿದ್ದು ಬಿದ್ದು ನಕ್ಕ. ಅವರ ಊರಲ್ಲಿ ಶನಿವಾರ ಬೆಳಿಗ್ಗೆ ಇಸ್ತ್ರಿ ಬಟ್ಟೆಯ ಇಬ್ಬರು ಬಂದು ಗಂಟೆ ಒತ್ತಿ, "ದೇವರ ಬಗ್ಗೆ ಐದು ನಿಮಿಷ ಮಾತಾಡೋಣವೇ?" ಅನ್ನುತ್ತಾರಂತೆ. ಅವರು ಬಂದ ಸುಳಿವು ಸಿಕ್ಕಿದರೆ ಈತ ದೀಪ ಆರಿಸಿ, ಸೋಫಾದ ಹಿಂದೆ ನೆಲದ ಮೇಲೆ ಬೋರಲಾಗಿ ಮಲಗಿಬಿಡುತ್ತಿದ್ದನಂತೆ!

ಓಡಿಹೋಗಿ ಮೇಷ್ಟ್ರಿಗೆ ವರದಿ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಒರೆಸುತ್ತಾ ಯೋಚಿಸಿದರು.

"ನೆಲದ ಮೇಲೆ ಬೋರಲಾಗಿ ಮಲಗ್ತಾನಾ? ಅದೂ ಒಂಥರಾ ಪ್ರಾರ್ಥನೆನೇ ಇರಬೇಕು!"

೨. ಮಂಡಿ ಊರಿದ ಮಹಿಮೆ

ಹೊಳೆನರಸೀಪುರದ ಕಡೆ, ಹಳೇಕೋಟೆಯ ಒಂದು ಹೊಲಕ್ಕೆ ಅಂಗಮಾರಿ ತಗುಲಿತ್ತು. ನಮ್ಮವನು ಹೊಲದ ನಡುವೆ ಮಂಡಿಯೂರಿ, ಬೊಗಸೆ ತುಂಬ ಮಣ್ಣೆತ್ತಿ, ಕಣ್ಣು ಮುಚ್ಚಿ ಮೂಸಿದ. ಅದು ಆತನ ಅಭ್ಯಾಸ. ಹೊಲದ ಯಜಮಾನ ಗಾಬರಿಯಾಗಿ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಕೈಮುಗಿದು ನಿಂತ. ಆಮೇಲೆ ಆತ ಹೇಳಿದ ಔಷಧಿ ಹೊಡೆದರು, ರೋಗ ನಿಂತಿತು.

ಮುಂದಿನ ವಾರ ಅರಕಲಗೂಡಿನ ಒಂದು ಹಳ್ಳಿಗೆ ಹೋದರೆ, ಬದುವಿನ ಮೇಲೆ ಅರ್ಧ ಊರೇ ನಿಂತಿದೆ! ಔಷಧಿಯ ಹೆಸರು ಹೇಳಲು ನಾನು ಬಾಯಿ ತೆರೆದೆ.

"ಔಸ್ದಿ ನಮ್ತಾವೂ ಐತೆ, ಬುಡಿ ಸಾ," ಅಂದ ಹೊಲದವನು. "ಅಳೇಕೋಟೇಲಿ ಮಂಡಿ ಊರಿದ್ರಂತಲ್ಲ, ಅಂಗೇ ಇಲ್ಲೂ ಒಂದ್ಕಿತ ಊರ್ಬುಡ್ಲಿ."

ಇದನ್ನು ಇಂಗ್ಲಿಷಿಗೆ ಹೇಗೆ ತಿರುಗಿಸಲಿ? "ಮಣ್ಣು ಪರೀಕ್ಷೆ ಮಾಡಬೇಕಂತೆ," ಅಂದೆ. ಆತ ಖುಷಿಯಿಂದ ಮಂಡಿಯೂರಿದ. ಜನ ಕೈಮುಗಿದರು. "ಆ ಮೂಲೇಲೂ ಒಂದು," ಅಂದರು. ಊರಿದ. "ಈ ಮೂಲೇಲೂ," ಅಂದರು. ಅಲ್ಲೂ ಊರಿದ. ಪ್ಯಾಂಟೆಲ್ಲ ಕೆಸರಾಗಿ ಎದ್ದು, "ನಿಮ್ಮ ರೈತರಿಗೆ ಮಣ್ಣು ಪರೀಕ್ಷೆಯಲ್ಲಿ ಎಷ್ಟು ಆಸಕ್ತಿ!" ಅಂತ ಉಬ್ಬಿಹೋದ.

ಜೀಪು ಹತ್ತುವಾಗ ಒಬ್ಬ ಮುದುಕ ನನ್ನ ತೋಳು ಹಿಡಿದು ಪಿಸುಗುಟ್ಟಿದ: "ಸಾ, ನಮ್ ಎಮ್ಮೆ ಮುಂದೂ ಒಸಿ ಊರುಸ್ತೀರಾ? ಯಾಕೋ ಆಲೇ ಕೊಡಾಕಿಲ್ಲ ಅಂತದೆ."

೩. ಮತಾಂತರ

ಬೀದಿಯೆಲ್ಲ ಪುಸ್ತಕ ಯಾವಾಗ ಬರುತ್ತದೋ ಅಂತ ಕಾಯುತ್ತಿದ್ದರೆ, ಮತಾಂತರ ಆದದ್ದು ಉಲ್ಟಾ! ಚನ್ನರಾಯಪಟ್ಟಣದ ಗೊಬ್ಬರದ ವ್ಯಾಪಾರಿಯೊಬ್ಬರು ನಮ್ಮನ್ನು ಊಟಕ್ಕೆ ಕರೆದರು. ಜೈನರು, ಬಹಳ ಸಾಧು ಮನುಷ್ಯ. ಹೊತ್ತು ಮುಳುಗುವ ಮುಂಚೆಯೇ ಎಲೆ ಹಾಕಿದರು. ನಮ್ಮವನು ಎಲೆ ತುಂಬ ಹುಡುಕಿ, "ಆಲೂಗಡ್ಡೆ ಇಲ್ಲವೇ?" ಅಂದ.

"ನಾವು ಗೆಡ್ಡೆ ತಿನ್ನೋದಿಲ್ಲ," ಅಂದರು ಅವರು. "ಗೆಡ್ಡೆ ಕೀಳುವಾಗ ಮಣ್ಣಿನ ಸಣ್ಣ ಸಣ್ಣ ಜೀವಗಳು ಸಾಯ್ತವೆ. ನೀವು ತಿನ್ನಬೇಡಿ ಅಂತ ನಾನು ಹೇಳೋದಿಲ್ಲ."

ಬೇಡ ಅನ್ನಲಿಲ್ಲ ನೋಡಿ, ಅದೇ ನಾಟಿಬಿಟ್ಟಿತು! ಹಾಸನ ಬಂದಾಗ, "ವಿಜ್ಞಾನದ ಪ್ರಕಾರವೂ ಅವರು ಹೇಳಿದ್ದು ನಿಜವೇ," ಅಂದ. ಮರುದಿನ ನನ್ನ ಹೆಂಡತಿ ಪ್ರೀತಿಯಿಂದ ಕೊಟ್ಟ ಆಲೂಗಡ್ಡೆ ಪಲ್ಯ ಹಾಗೇ ವಾಪಸ್ ಬಂತು; ಕತ್ತಲಾದ ಮೇಲಿನ ಊಟವೂ ನಿಂತಿತು.

ಸಂಜೆ ಮೇಷ್ಟ್ರು ಬಂದು ಸುದ್ದಿ ಕೇಳಿ ತಲೆ ಕೆರೆದುಕೊಂಡರು. "ಆಲೂಗಡ್ಡೇನೇ ತಿನ್ನದ ಆಲೂಗಡ್ಡೆ ತಜ್ಞ! ಸ್ವಾಮೀ, ಇದಕ್ಕಿಂತ ಪಾದ್ರಿ ಆಗಿದ್ರೇ ವಾಸಿಯಿತ್ತಲ್ಲ."

೪. ಬಿಡಿಸಿಕೊಂಡು ಹೋಗಲು ಬಂದವರು

ಆತ ಇಲ್ಲಿರಲಿ ಅಂತ ಮೇಷ್ಟ್ರು ಒಪ್ಪಿಕೊಂಡರು. ಒಪ್ಪದವರು ಸಮುದ್ರದಾಚೆ ಇದ್ದರು: ಆತನ ತಾಯಿ. ಮಗ ಆಲೂಗಡ್ಡೆ ಬಿಟ್ಟ, ಕತ್ತಲಾದ ಮೇಲೆ ಉಣ್ಣುವುದಿಲ್ಲ ಅಂತ ಫೋನಿನಲ್ಲಿ ತಿಳಿದದ್ದೇ ತಡ, ವಿಮಾನ ಹತ್ತಿ ಬಂದೇಬಿಟ್ಟರು. ಎಪ್ಪತ್ತು ದಾಟಿದ, ಗಟ್ಟಿ ದನಿಯ ಹೆಂಗಸು. ಗೇಟಿನಲ್ಲೇ ನನ್ನನ್ನು ತಡೆದು ಇಂಗ್ಲಿಷಿನಲ್ಲಿ ಗದರಿದರು:

"ನನ್ನ ಮಗನನ್ನು ಮತಾಂತರ ಮಾಡಿದವರು ನಿಮ್ಮಲ್ಲಿ ಯಾರು?"

ಅವರಣ್ಣ ಹಿಂದೆ ಮಿಷನರಿಯಾಗಿ ಆಫ್ರಿಕಾಕ್ಕೆ ಹೋಗಿದ್ದರಂತೆ. ಅಲ್ಲಿಯವರನ್ನು ಬದಲಾಯಿಸಲು ಹೋದವರು ತಾವೇ ಬದಲಾಗಿ, ಮರಳಿ ಬಂದ ಮೇಲೆ ಕುರ್ಚಿಯಲ್ಲಿ ಕೂರಲೇ ಇಲ್ಲವಂತೆ, ನೆಲದ ಮೇಲೇ ಕೂರುತ್ತಿದ್ದರಂತೆ. "ನಮ್ಮ ಮನೆಯಿಂದ ಒಬ್ಬ ಹೋದದ್ದು ಸಾಕು. ಭಾನುವಾರಕ್ಕೆ ಇಬ್ಬರಿಗೂ ಟಿಕೆಟ್ ತೆಗೆಸಿದ್ದೇನೆ," ಅಂದುಬಿಟ್ಟರು.

ಮುಂದಿನ ಮುಂಗಾರಿಗೆಂದು ರೈತರು ಗೆಡ್ಡೆ ಎತ್ತಿಟ್ಟುಕೊಂಡು ಕೂತಿದ್ದಾರೆ. ಆತ ಅಮ್ಮನೆದುರು ಸ್ಕೂಲ್ ಹುಡುಗನ ಹಾಗೆ ನೆಲ ನೋಡುತ್ತಿದ್ದಾನೆ. ನಾನು ಅತ್ತಿತ್ತ ಶತಪಥ ಹಾಕುತ್ತಿದ್ದರೆ, "ನೀವು ಸುಮ್ನಿರಿ," ಅಂದಳು ನಮ್ಮ ಮನೆಯವಳು.

ಆಗ ಅವರೆಕಾಯಿ ಕಾಲ. ಬೀದಿ ಹೆಂಗಸರೆಲ್ಲ ನಮ್ಮ ಜಗಲಿ ಮೇಲೆ ನೆನೆಸಿದ ಅವರೆಕಾಳು ಹಿದುಕುತ್ತಾ ಕೂತಿದ್ದರು. ಆ ತಾಯಿ ಮುಖ ಗಂಟಿಕ್ಕಿಕೊಂಡೇ ಬಂದು ನಿಂತರು. ನಮ್ಮವಳು ಒಂದು ಹಿಡಿ ಕಾಳು ಕೈಗೆ ಹಾಕಿದಳು. ಅವರು ಒಂದನ್ನು ಒತ್ತಿದರು. ಸಿಪ್ಪೆ ಕೈಯಲ್ಲೇ ಉಳಿದು, ಬೇಳೆ ಚಿಮ್ಮಿ, ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಮೇಷ್ಟ್ರ ಹಣೆಗೆ ಟಪ್ಪೆಂದು ಬಡಿಯಿತು. ಆ ತಾಯಿಯೇ ಮೊದಲು ನಕ್ಕರು ನೋಡಿ, ಬೀದಿಯೇ ಎದ್ದು ಕುಣಿಯಿತು!

ಆಮೇಲೆ ಅವರನ್ನು ಅವರೆಕಾಳಿನ ಮುಂದಿನಿಂದ ಎಬ್ಬಿಸಲು ಆಗಲಿಲ್ಲ. ಬೆಳಿಗ್ಗೆ ನಮ್ಮನೆ, ಮಧ್ಯಾಹ್ನ ಮೇಷ್ಟ್ರ ಮನೆ. ನೆಲದ ಮೇಲೆ ಚಕ್ಕಲಮಕ್ಕಲ, ಮಡಿಲಲ್ಲಿ ಮೊರ!

ಭಾನುವಾರ ಟ್ಯಾಕ್ಸಿ ಬಂತು. ಚಾಲಕ ಹಾರ್ನ್ ಹೊಡೆದ. ತಾಯಿ ಅಲುಗಲಿಲ್ಲ. ಎರಡು ಕೈಯಲ್ಲೂ ಕಾಳು ಹಿದುಕುತ್ತಾ, ಕಿವಿಗೂ ಭುಜಕ್ಕೂ ನಡುವೆ ಫೋನ್ ಸಿಕ್ಕಿಸಿಕೊಂಡು ಊರಲ್ಲಿರುವ ತಂಗಿಗೆ ಏನೋ ಜೋರಾಗಿ ಹೇಳುತ್ತಿದ್ದರು.

"ಏನಂತೆ?" ಅಂತ ಮಗನನ್ನು ಕೇಳಿದೆ.

ಆತ ನಗು ತಡೆದುಕೊಂಡು ಹೇಳಿದ: "'ಇಲ್ಲಿ ಪರಿಸ್ಥಿತಿ ನಾನು ಅಂದುಕೊಂಡದ್ದಕ್ಕಿಂತ ಗಂಭೀರವಾಗಿದೆ. ಹುಡುಗನೊಬ್ಬನನ್ನೇ ಬಿಟ್ಟು ಬರುವ ಹಾಗಿಲ್ಲ. ಅವರೆಕಾಯಿ ಮುಗಿಯುವವರೆಗಾದರೂ ನಾನು ಇಲ್ಲೇ ಇರಬೇಕು' ಅಂತಿದ್ದಾರೆ!"