ಗಿಟಾರಿಗೆ ಸುತ್ತಿದ ಕಂಡಿಕೆ

ನಮ್ಮ ಮನೆಯವರಿಗೆ ಊರಲ್ಲಿ ಒಬ್ಬ ಶತ್ರುವೂ ಇರಲಿಲ್ಲ ಎಂದು ಜನ ಹೇಳುತ್ತಾರೆ. ಸುಳ್ಳು! ಒಬ್ಬನಿದ್ದ. ಅವನಿಗೆ ಮೈಯಿಲ್ಲ, ಮುಖವಿಲ್ಲ. ಇದ್ದದ್ದು ‘ಗುಂಯ್’ ಎಂಬ ದನಿಯೊಂದೇ. ವಾಸ ಇವರ ಎಲೆಕ್ಟ್ರಿಕ್ ಗಿಟಾರಿನಲ್ಲಿ.

ಗಜೇಂದ್ರಗಡದಲ್ಲಿ ಸೀರೆ ನೇಯುವವರಿಗೆ ಗಿಟಾರ್ ಯಾಕೆ ಎನ್ನುತ್ತೀರಾ? ನಾನೂ ಕೇಳಿದ್ದೆ. ನರಗುಂದದ ವಾದ್ಯಮೇಳವೊಂದು ಮುಚ್ಚಿದಾಗ ಅಲ್ಲಿನ ಗಿಟಾರನ್ನು ಹೆಗಲಿಗೇರಿಸಿಕೊಂಡು ಬಂದು, "ಭಜನಿಗೆ ಬೇಕಾಗ್ತೈತಿ" ಎಂದರು. ಯಾವ ದೇವರು ಕೇಳಿದ್ದನೋ! ಅಂತೂ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ, ತಬಲಾಗಳ ನಡುವೆ ಇವರೂ ಗಿಟಾರೂ ಕೂತರು. ವೈರು ಚುಚ್ಚಿದ ಕೂಡಲೇ ಗುಂಯ್! ನುಡಿಸಿದರೂ ಗುಂಯ್, ನುಡಿಸದಿದ್ದರೂ ಗುಂಯ್.

ಟ್ಯೂಬ್‌ಲೈಟಿನಿಂದ ಹೀಗಾಗುತ್ತದೆ ಎಂದು ಯಾರೋ ಹೇಳಿದರು. ಅಂದಿನಿಂದ ಯಾರ ಮನೆಗೆ ಭಜನೆಗೆ ಹೋದರೂ ಇವರ ಮೊದಲ ನಮಸ್ಕಾರ ಸ್ವಿಚ್ ಬೋರ್ಡಿಗೆ! ರಾಜೂರಿನ ಒಂದು ಮನೆಯಲ್ಲಿ ಲೈಟು, ಫ್ಯಾನು, ಫ್ರಿಜ್ಜು ಎಲ್ಲ ಆರಿಸಿಬಿಟ್ಟರು. ಆ ಮನೆಯ ಯಜಮಾನರು ಕತ್ತಲಲ್ಲಿ ತಡಕಾಡುತ್ತ, "ಭಜನಿ ಮಾಡ್ರಿ ಅಂದ್ರ ಅಮಾಸಿ ಮಾಡಿದ್ರಲ್ರೀ!" ಎಂದರು.

ಅವತ್ತೇ ಮಂಡಳಿಯ ಹಿರಿಯರ ತೀರ್ಪೂ ಬಂತು: "ನೋಡಪಾ ತಮ್ಮಾ, ಮುಂದಿನ ಸೋಮವಾರ ಅದು ಗುಂಯ್ ಅಂದ್ರ, ಅದೂ ಹೊರಗ, ನೀನೂ ಹೊರಗ."

ಮಗ್ಗ ಬಿಟ್ಟರೆ ಇವರಿಗಿದ್ದ ಲೋಕ ಆ ಭಜನೆಯೊಂದೇ. ಮನೆಗೆ ಬಂದು ಊಟ ಬಿಟ್ಟರು. ಊಟ ಬಿಟ್ಟರು ಎಂದರೆ ಮೂರನೇ ರೊಟ್ಟಿ ಬಿಟ್ಟರು.

ಮೊಬೈಲಿನಲ್ಲಿ ನೋಡಿ ನೋಡಿ ಕೊನೆಗೆ ರೋಗ ಪತ್ತೆಹಚ್ಚಿದರು. ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬುದೊಂದು ಇರುತ್ತದಂತೆ: ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ಎಳೆ. ನಾದ ಹಿಡಿಯುವುದೂ ಅದೇ, ಗುಂಯ್ ಹಿಡಿಯುವುದೂ ಅದೇ. ಒಂದು ಸುರುಳಿಯ ಬದಲು ಒಂದಕ್ಕೊಂದು ಎದುರು ದಿಕ್ಕಿಗೆ ಸುತ್ತಿದ ಎರಡು ಸುರುಳಿಗಳನ್ನು, ಒಂದರ ಅಯಸ್ಕಾಂತವನ್ನೂ ತಿರುಗಿಸಿಟ್ಟು, ಕೂಡಿಸಿದರೆ, ಎರಡು ಗುಂಯ್‌ಗಳು ಹೊಡೆದಾಡಿಕೊಂಡು ಸಾಯುತ್ತವಂತೆ, ನಾದ ಉಳಿಯುತ್ತದಂತೆ! ತಾಮ್ರದ ಎಳೆಯನ್ನು ರೋಣದ ಮೋಟಾರ್ ವೈಂಡಿಂಗ್ ಅಂಗಡಿಯವರ ಕೈಲಿ ತರಿಸಿದರು. ಸುತ್ತುವುದಕ್ಕೆ? ಸೀರೆಯ ನೂಲನ್ನು ಕಂಡಿಕೆಯೆಂಬ ಸಣ್ಣ ಕೊಳವೆಗೆ ಸುತ್ತುವ ನನ್ನ ರಾಟಿ!

"ಮೆಲ್ಲಕ, ಹರೀತೈತಿ."

"ನೂಲ ಹ್ಯಾಂಗ ಸುತ್ತಬೇಕಂತ ನನಗ ಕಲಸ್ತೀರೇನ್ರಿ? ಹೋಗಿ ಮಗ್ಗದಾಗ ಕುಂಡ್ರಿ."

ಎರಡೂ ಸುತ್ತಿಕೊಟ್ಟೆ. ಜೋಡಿಸಿ ನೋಡಿದರೆ ಗುಂಯ್ ದುಪ್ಪಟ್ಟು! ಜೇನು ಎದ್ದಿದೆಯೆಂದು ನೆರೆಮನೆಯವರು ಬಾಗಿಲು ಹಾಕಿಕೊಂಡರು. ಕಂಡಿಕೆ ಸುತ್ತುವ ಕೈ ನೋಡಿ, ಎರಡನ್ನೂ ಒಂದೇ ದಿಕ್ಕಿಗೆ ಸುತ್ತಿತ್ತು. ಒಂದು ಉಲ್ಟಾ ಆಗಬೇಕು. ಆದರೆ ನಮ್ಮ ಮನೆಯಲ್ಲಿ ರಾಟಿಯನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ತೀರಿಹೋದ ಅತ್ತೆಯವರ ಕಟ್ಟಪ್ಪಣೆ.

"ಅತ್ತಿ ಏನ ಅಂದಾರು?"

"ಅವ್ವನ ಜೋಡಿ ನಾ ಮಾತಾಡ್ತೀನಿ." ಫೋಟೋದ ಮುಂದೆ ಊದಿನಕಡ್ಡಿ ಹಚ್ಚಿ, ಕೈಮುಗಿದು ನಿಂತು ಬಂದರು. "ಹೂಂ ಅಂದ್ಲು. ಲಗೂ ತಿರುವು, ಮನಸ ಬದಲ ಮಾಡ್ಯಾಳು!"

ಸೋಮವಾರ ಭಜನೆಯಲ್ಲಿ ವೈರು ಚುಚ್ಚಿದರು. ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು. ಸದ್ದೇ ಇಲ್ಲ! ಹಿರಿಯರು ಸ್ಪೀಕರಿಗೆ ಕಿವಿಯೊತ್ತಿ, "ಚಾಲೂನ ಮಾಡಿಲ್ಲೇನೋ?" ಎಂದರು. ಇವರು ತಂತಿ ಮೀಟಿದರು. ಹಿರಿಯರು ಹಾರಿ ತಬಲಾದ ಮೇಲೆ ಬಿದ್ದರು! ತಗಡಿನಂತಿದ್ದ ದನಿ ಬೆಲ್ಲದ ಪಾಕದಂತೆ ದಪ್ಪಗೆ, ದುಂಡಗೆ ಹರಿಯುತ್ತಿತ್ತು. ಹಿರಿಯರು ಎದ್ದು ಟೊಪ್ಪಿಗೆ ಸರಿಮಾಡಿಕೊಂಡು, "ಇರು, ಇಲ್ಲೇ ಇರು" ಎಂದರು.

ಹೋದ ಚಳಿಗಾಲದಲ್ಲಿ ನಮ್ಮ ಮನೆಯವರು ತೀರಿಕೊಂಡರು. ಆ ಸೋಮವಾರದ ಭಜನೆಯನ್ನು ಹಿರಿಯರು ಮೊಬೈಲಿನಲ್ಲಿ ಹಿಡಿದಿಟ್ಟಿದ್ದರಂತೆ, ನನಗೆ ಕಳಿಸಿದರು. ಹಾಡು ಮುಗಿಯುತ್ತದೆ. ಮುಂಚೆ ಗುಂಯ್ ತುಂಬಿರುತ್ತಿದ್ದ ಜಾಗದಲ್ಲಿ ಮೌನ. ಆ ಮೌನದಲ್ಲಿ ಇವರು ಹೆಂಗಸರ ಸಾಲಿನ ಕಡೆ ತಿರುಗಿ ಮೆಲ್ಲಗೆ ಕೇಳುತ್ತಾರೆ: "ಏ, ಚಲೋ ಕೇಳಸ್ತೈತಿಲ್ಲ?"

ಅವತ್ತು ನಾನು ಹಿಂದಿನ ಸಾಲಿನಿಂದ ತಲೆಯಾಡಿಸಿದ್ದೆ. ತಲೆಯಾಡಿಸಿದ್ದು ಮೊಬೈಲಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಈಗ ಹಾಡು ಮುಗಿದಾಗಲೆಲ್ಲ ಬಾಯಿಬಿಟ್ಟೇ ಹೇಳುತ್ತೇನೆ:

"ಕೇಳಸ್ತೈತ್ರಿ."