ಹನ್ನೊಂದು ಎಂಬ ಸ್ವರದ ಬಗ್ಗೆ ಕೆಂಪು ರಕ್ತಕಣಗಳಿಗೆ

ಪರಮ ಮಾನ್ಯ ಕೆಂಪು ರಕ್ತಕಣ ಮಹಾಶಯರೇ,

ಟೋಂಗಾ ದೇಶದ ವವಾಉ ದ್ವೀಪದ ನಮ್ಮೂರ ಚರ್ಚಿನ ಗಾಯನ ಮೇಳದ ಗುರುವಾದ ವಿಲಿಸೋನಿ ಎಂಬ ನಾನು, ನನ್ನದೇ ಮೈಯಲ್ಲಿ ಹಾಯಾಗಿ ಸುತ್ತಾಡಿಕೊಂಡಿರುವ ತಮಗೆ ತಲೆಬಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಜ್ಞಾಪಕಶಕ್ತಿಯಿಂದ ನನ್ನ ಮಾನ ಹೋಗಿದೆ.

ಕ್ಲಿನಿಕ್ಕಿಗೆ ಹೋಗುವ ಮುನ್ನ ಮೂರು ದಿನ ನಾನು ಬರೀ ಮೀನು, ಸೊಪ್ಪು ತಿಂದು ಸಾಧುವಿನಂತೆ ಬದುಕಿದ್ದೆ. ಬೆರಳು ಚುಚ್ಚಿ ನೋಡಿದಾಗ ಸಕ್ಕರೆ ಸಭ್ಯವಾಗಿಯೇ ಇತ್ತು. ಅಷ್ಟಕ್ಕೆ ಬಿಡದೆ, ನರ್ಸ್ ಆಗಿರುವ ನನ್ನ ತಂಗಿಯ ಮಗಳು ತೆಲೇಸಿಯಾ ತೋಳಿನಿಂದ ಒಂದು ಕೊಳವೆ ರಕ್ತ ತೆಗೆದು ತಮ್ಮನ್ನು ವಿಚಾರಿಸಿದಳು. ತಾವೋ, ಮೂರು ತಿಂಗಳ ಚಾಡಿಯನ್ನೆಲ್ಲ ಒದರಿ, ಸರಾಸರಿ ಹನ್ನೊಂದು ಎಂದುಬಿಟ್ಟಿರಿ. "ಬೆರಳಿನ ರಕ್ತ ಇವತ್ತಿಂದಷ್ಟೇ ಹೇಳತ್ತೆ ಮಾವಾ. ಈ ಕಣಕ್ಕೆ ಸಕ್ಕರೆ ಒಂದ್ಸಲ ಅಂಟ್ಕೊಂಡ್ರೆ, ಕಣ ಸಾಯೋವರೆಗೂ ಬಿಡಲ್ಲ. ಮೂರು ದಿನ ನಾಟಕ ಆಡಿದ್ರೆ ಏನೂ ಉಪಯೋಗ ಇಲ್ಲ" ಎಂದು ಅವಳು ನಕ್ಕಳು. ಸೋದರಮಾವನನ್ನು ಮನಸಾರೆ ಆಡಿಕೊಳ್ಳುವ ಹಕ್ಕು ನಮ್ಮಲ್ಲಿ ಅವಳಿಗಿದೆ. ತಮಗೆ ಯಾರು ಕೊಟ್ಟರು?

ತಮ್ಮ ನಿಷ್ಠೆಯಲ್ಲಿ ಕಾಲುಭಾಗ ನಮ್ಮ ಮೇಳದವರಿಗಿದ್ದರೂ ನಾವು ಟೋಂಗಾಕ್ಕೇ ಮೊದಲಿಗರಾಗುತ್ತಿದ್ದೆವು. ಆದರೆ ನಾವು ಸ್ವರಗಳನ್ನು ಅಂಕಿಗಳಲ್ಲಿ ಬರೆಯುವವರು, ಅದೂ ಮೂರರಿಂದ ಒಂಬತ್ತರವರೆಗೆ ಮಾತ್ರ. ಹನ್ನೊಂದೆಂಬ ಸ್ವರ ಯಾರ ಗಂಟಲಲ್ಲೂ ಇಲ್ಲ. ಮೇ ತಿಂಗಳಲ್ಲಿ ಬರುವ ಕಣ್ಣಿನ ಡಾಕ್ಟರು, ತಮ್ಮ ಈ ಹನ್ನೊಂದು ಎಂಟಕ್ಕಿಂತ ಕೆಳಗಿಳಿಯದಿದ್ದರೆ ನನ್ನ ಕಣ್ಣಿನ ಪೊರೆ ತೆಗೆಯುವುದಿಲ್ಲ ಎಂದಿದ್ದಾರೆ. ಆದಕಾರಣ ದಯವಿಟ್ಟು ಭಾನುವಾರಗಳನ್ನು ಸರಾಸರಿಯಿಂದ ಕೈಬಿಡಿ. ಸಾವಿನ ಮನೆಯಲ್ಲಿ ತಿಂದದ್ದು ಊಟವಲ್ಲ, ಸಂತಾಪ. ಜನವರಿಯ ಪ್ರಾರ್ಥನಾ ವಾರದಲ್ಲಿ ಪಾಕದಲ್ಲಿ ಮುಳುಗಿಸಿ ಬಡಿಸಿದ ಫೈಕಾಕೈ ಕಡುಬುಗಳನ್ನು ದೇವರ ಪಾಲಿಗೆ ಬಿಡಿ. ಇದಾವುದೂ ಆಗದಿದ್ದರೆ ತಾವೆಲ್ಲರೂ ಒಟ್ಟಿಗೆ ನಿವೃತ್ತರಾಗಿ, ನನ್ನ ಪರಿಚಯವೇ ಇಲ್ಲದ ಹೊಸಬರನ್ನು ಕಳಿಸಿಕೊಡಿ.

ಕಳೆದ ಗುರುವಾರದ ಅಭ್ಯಾಸದಲ್ಲಿ ಕಪ್ಪು ಹಲಗೆಯ ಮೇಲಿದ್ದ ಮೂರು ನನಗೆ ಎಂಟಾಗಿ ಕಂಡಿತು. ಎಂಟೆಂದೇ ಹೇಳಿದೆ. ನಲವತ್ತು ಜನ ಕಣ್ಣೆದುರಿನ ಮೂರನ್ನು ಬಿಟ್ಟು ನನ್ನ ಎಂಟನ್ನೇ ಹಾಡಿದರು; ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವತ್ತಿನಿಂದ ನನಗೆ ಭಯವಾಗಿದೆ.

ತಾವು ವಿಶ್ವಾಸಕ್ಕೆ ಅರ್ಹರಲ್ಲದಿದ್ದರೂ,
ತಮ್ಮ ವಿಶ್ವಾಸಿ,
ವಿಲಿಸೋನಿ ಮಾಫುವಾ

ತಾ.ಕ.: ಇಷ್ಟನ್ನೂ ಇವರು ಹೇಳಿದಂತೆ ಬರೆದುಕೊಟ್ಟವಳು ಇವರ ಹೆಂಡತಿ ಲೋಸಾಲಿನೆ. ಈ ತಾ.ಕ. ಮಾತ್ರ ನನ್ನದು. ಪೊರೆ ಬಂದ ಕಣ್ಣಲ್ಲಿ ಇವರಿಗೆ ಇದನ್ನು ಓದಲಾಗದು. ಮಹಾಶಯರೇ, ಒಂದು ತುತ್ತನ್ನೂ ಮರೆಯಬೇಡಿ. ಮೂವತ್ತು ವರ್ಷ ನನ್ನ ಮಾತಿಗೆ ಜಗ್ಗದ ಮನುಷ್ಯ ಮೊದಲ ಸಲ ಹೆದರಿದ್ದಾರೆ.