ಅಯಸ್ಕಾಂತಕ್ಕೆ ಅಂಟದ ಗಾಡಿ

ನಮ್ಮ ಮಾವಶಿ ಈ ಲೋಕದಲ್ಲಿ ಪೂರ್ತಿ ನಂಬಿದ್ದು ಒಂದೇ ಒಂದು ವಸ್ತುವನ್ನು. ಅದು ಅವಳ ಪರ್ಸಿನಲ್ಲಿದ್ದ ಅಯಸ್ಕಾಂತ! ನನ್ನನ್ನಾದರೂ ನಂಬಿದ್ದಳೇ ಅಂತೀರಾ? ನಾನು ಅವಳ ಸ್ವಂತ ಅಕ್ಕನ ಮಗ. ಪುಣೆಯ ಹತ್ತಿರ ತಳೇಗಾಂವದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ, ವಿಜಾಪುರದಿಂದ ಪುಣೆಗೆ ಬಂದು ಟ್ರಂಕು ಹಿಡಿದು ಅವಳ ಬಾಗಿಲಲ್ಲಿ ನಿಂತಾಗ, ಅವಳು ಗೋಡೆಯ ಮೇಲಿದ್ದ ನಮ್ಮವ್ವನ ಫೋಟೋ ನೋಡಿದಳು, ನನ್ನ ಮುಖ ನೋಡಿದಳು, ಮತ್ತೊಮ್ಮೆ ಫೋಟೋ ನೋಡಿದಳು. ಆಮೇಲೆ, "ಮೂಗು ಹೊಂದ್ತದ. ಒಳಗ ಬಾ" ಅಂದಳು.

ತುಳಸಿಬಾಗಿನ ಪಾತ್ರೆ ಅಂಗಡಿಯವರಿಗೆಲ್ಲ ಆ ಅಯಸ್ಕಾಂತದ ಪರಿಚಯವಿತ್ತು. ಒಳ್ಳೆಯ ಸ್ಟೀಲಿಗೆ ಅದು ಅಂಟಬಾರದು ಎಂಬುದು ಅವಳ ಶಾಸ್ತ್ರ. ಒಂದು ಚಮಚ ಕೊಳ್ಳಲು ಹೋದರೂ ಇಡೀ ಅಂಗಡಿಗೆ ಅಯಸ್ಕಾಂತ ಮುಟ್ಟಿಸಿ ಬರುತ್ತಿದ್ದಳು. ಹಾಲಿನವನು ಎಮ್ಮೆಯನ್ನೇ ಮೂರನೆಯ ಮಹಡಿಗೆ ಹತ್ತಿಸಿ, ಅವಳ ಕಣ್ಣೆದುರೇ ಹಾಲು ಕರೆದು ಕೊಟ್ಟಿದ್ದರೂ, ಬರುವ ದಾರಿಯಲ್ಲಿ ಎಮ್ಮೆ ಎಷ್ಟು ನೀರು ಕುಡಿದು ಬಂತು ಎಂದು ಕೇಳದೆ ಬಿಡುತ್ತಿರಲಿಲ್ಲ.

ಪಾಪ, ತಪ್ಪು ಪೂರ್ತಿ ಅವಳದಲ್ಲ. ಶಿವಾಜಿನಗರದ ಕೋರ್ಟಿನಲ್ಲಿ ಅವಳು ಟೈಪಿಸ್ಟ್. ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯವರೆಗೆ ಟೈಪ್ ಮಾಡಿದ್ದೆಲ್ಲ ಮೋಸದ ಕಥೆಗಳೇ. ಒಂದೇ ಫ್ಲಾಟನ್ನು ಮೂವರಿಗೆ ಮಾರಿದವನು, ಸತ್ತ ತಂದೆಯಿಂದ ಸಹಿ ಮಾಡಿಸಿದವನು, ಬಾಡಿಗೆಯ ಎತ್ತನ್ನು ಅಡವಿಟ್ಟವನು. ದಿನವಿಡೀ ಇಂಥವರ ನಡುವೆ ಕೂತು ಸಂಜೆ ಮನೆಗೆ ಬಂದವಳಿಗೆ ಜಗತ್ತು ಇನ್ನು ಹೇಗೆ ಕಾಣಬೇಕು ಹೇಳಿ?

ಆದರೆ ಈ ಸಂಶಯದಿಂದ ನಷ್ಟವೂ ಆಯಿತು. ಕೋಥರೂಡದಲ್ಲಿ ಫ್ಲಾಟು ಕೊಳ್ಳಬೇಕೆಂದು ವರ್ಷಗಟ್ಟಲೆ ಕಾಗದಪತ್ರ ಪರೀಕ್ಷಿಸಿದಳು. ಅಷ್ಟರಲ್ಲಿ ಅದು ಬೇರೆಯವರ ಪಾಲಾಗಿ, ಅವರ ಮಗನ ಮುಂಜಿಯೂ ಆಗಿ ಹೋಯಿತು. ಪ್ರಾಯದಲ್ಲಿ ಒಂದು ಒಳ್ಳೆಯ ಸಂಬಂಧ ಬಂದಿತ್ತಂತೆ. ವರನ ಆಫೀಸಿಗೇ ಹೋಗಿ ಪ್ಯೂನನನ್ನು ವಿಚಾರಿಸಿದಳು. ಕುಡಿಯುವುದಿಲ್ಲ, ಸೇದುವುದಿಲ್ಲ, ಹೇಳಿದ್ದಷ್ಟೇ ಪಗಾರ. ಮನೆಗೆ ಬಂದು, "ಇಷ್ಟು ಚಲೋ ಇದ್ದಾವ ಇನ್ನೂ ಯಾಕ ಖಾಲಿ ಉಳದಾನ?" ಎಂದು ಕೇಳಿದಳು. ಸಂಬಂಧ ಮುರಿಯಿತು. ಹೀಗೆ ಅವಳು ಆಸೆಪಟ್ಟದ್ದೆಲ್ಲ ಅವಳು ವಿಚಾರಿಸುತ್ತಿರುವಾಗಲೇ ಕೈಬಿಟ್ಟು ಹೋಗುತ್ತಿತ್ತು.

ಇಂಥ ಮಾವಶಿ ನಿವೃತ್ತಿಯಾದ ಮರುವಾರ, ಚಹಾ ಸೋಸುತ್ತ, "ನಾ ಒಂದು ಸ್ಪೋರ್ಟ್ಸ್ ಕಾರ್ ತೊಗೋತೀನಿ" ಅಂದಾಗ ನನ್ನ ಕೈಯಲ್ಲಿದ್ದ ಬಿಸ್ಕತ್ತು ಮುರಿದು ಬಶಿಯೊಳಗೆ ಬಿತ್ತು.

"ಮಾವಶಿ, ಸ್ಪೋರ್ಟ್ಸ್ ಕಾರ್? ಒಂದು ಸಾದಾ ಗಾಡಿ ತೊಗೋಬಾರದೇನು?"

"ಸಾದಾ ಗಾಡ್ಯಾಗ ಹಿಂದ ಸೀಟ್ ಇರ್ತದ. ಸೀಟ್ ಇದ್ರ ನೆಂಟರು ಬರ್ತಾರ. ಒಬ್ರನ್ನ ಸ್ಟೇಶನ್ನಿಗೆ ಬಿಡು, ಒಬ್ರನ್ನ ಆಳಂದಿ ಗುಡಿಗೆ ಕರ್ಕೊಂಡು ಹೋಗು. ನನಗ ಎರಡ ಸೀಟಿನ ಗಾಡಿ ಬೇಕು. ಒಂದ್ರಾಗ ನಾನು, ಇನ್ನೊಂದ್ರಾಗ ನನ್ನ ಪರ್ಸು."

ಅದೊಂದೇ ಕಾರಣವಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಕೋರ್ಟಿಗೆ ನಡೆದು ಹೋಗುವ ದಾರಿಯಲ್ಲಿ, ಎಷ್ಟೋ ವರ್ಷಗಳ ಹಿಂದೆ, ಮೇಲ್ಛಾವಣಿ ಮಡಚಿದ ಒಂದು ಕೆಂಪು ಗಾಡಿ ಅವಳ ಪಕ್ಕದಿಂದ ಹಾದು ಹೋಗುತ್ತಿತ್ತಂತೆ. "ಸೀರಿ ಸೆರಗು ಹಾರಿ ಮುಖದ ಮ್ಯಾಲೆ ಬೀಳ್ತಿತ್ತು" ಎಂದು ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟೂ ಸಂಶಯವಿರಲಿಲ್ಲ.

ಮೊದಲು ಡ್ರೈವಿಂಗ್ ಕಲಿಯಬೇಕಲ್ಲ? ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇರುತ್ತದೆ ಎಂಬುದು ಗೊತ್ತಾದ ದಿನವೇ ಜಗಳ. ಗಾಡಿ ಓಡಿಸುವವನು ಅವನೇ, ದುಡ್ಡು ಕೊಡುವವಳು ಮಾತ್ರ ತಾನು ಎಂದು ಅವಳ ವಾದ! ಕೊನೆಗೆ ಆ ಬಡಪಾಯಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ ಗಣಪತಿಯನ್ನು ನೆನೆಯುತ್ತ ಅವಳಿಗೆ ಕಲಿಸಿದ. ಅವಳು ಚೆನ್ನಾಗಿಯೇ ಕಲಿತಳು.

ಮುಂದೆ ಒಂದು ದಿನ ಡೆಕ್ಕನ್ ಬಡಾವಣೆಯ ಗಲ್ಲಿಯೊಂದರಲ್ಲಿ ಬೋರ್ಡು ಕಂಡಿತು. ಪುಣೆಯ ಹಳೆಯ ಮನೆಗಳ ಗೇಟುಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಮನೆಯ ಯಜಮಾನರಿಗಿಂತ ಮೊದಲು ಅವರ ಬೋರ್ಡುಗಳು ಮಾತಾಡುತ್ತವೆ. ಈ ಗೇಟಿನ ಮೇಲೆ ಮರಾಠಿಯಲ್ಲಿ ಸಣ್ಣ ಅಕ್ಷರದ ಒಂದು ಹಳೆಯ ಬೋರ್ಡು: "ನಾಯಿ ಇಲ್ಲ. ಧೈರ್ಯ ತೋರಿಸುವ ಅಗತ್ಯವೂ ಇಲ್ಲ." ಅದರ ಕೆಳಗೆ ಸ್ವಲ್ಪ ದೊಡ್ಡ ಅಕ್ಷರದಲ್ಲಿ: "ಗಂಟೆ ಒಂದೇ ಸಲ ಒತ್ತಿ. ಕಿವಿ ಚೆನ್ನಾಗಿದೆ." ಎಲ್ಲಕ್ಕಿಂತ ಕೆಳಗೆ, ಹೊಸ ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ: "ಸ್ಪೋರ್ಟ್ಸ್ ಗಾಡಿ ಮಾರುವುದಿದೆ. ಚೌಕಾಸಿ ಇಲ್ಲ. ಯೋಗ್ಯರು ಮಾತ್ರ ಬನ್ನಿ."

"ಇಷ್ಟು ದೊಡ್ಡ ಅಕ್ಷರದಾಗ ಯಾಕ ಬರದಾರ?" ಅಂದಳು ಮಾವಶಿ. ಸಂಶಯ ಅಲ್ಲಿಂದಲೇ ಶುರು.

ಬಾಗಿಲು ತೆರೆದವರು ಕಡ್ಡಿಯಂತೆ ನೆಟ್ಟಗಿದ್ದ ಒಬ್ಬ ಹಿರಿಯರು. ಒಬ್ಬರೇ ಇರುವವರು. ಅಂಗಳದ ಶೆಡ್ಡಿನಲ್ಲಿ ಅವಳು ಆಗ ಕಂಡಂಥದ್ದೇ ಗಾಡಿ ನಿಂತಿತ್ತು. ಕೆಂಪು ಬಣ್ಣ, ಮೊಣಕಾಲಿನೆತ್ತರದ ಬಾಗಿಲು, ಇಂಗ್ಲೆಂಡಿನಿಂದ ಬಂದದ್ದು. ಮಾವಶಿಯ ಕಣ್ಣು ಒಂದು ಕ್ಷಣ ಅರಳಿತು. ಕೂಡಲೇ ತನ್ನನ್ನು ತಾನು ಹಿಡಿದುಕೊಂಡು ಬಾನೆಟ್ಟಿನ ಮೇಲೆ ಅಂಗೈ ಇಟ್ಟಳು. ಆಮೇಲೆ ನನ್ನ ಕಿವಿಯಲ್ಲಿ ಕನ್ನಡದಲ್ಲಿ ಪಿಸುಗುಟ್ಟಿದಳು.

"ಬೆಚ್ಚಗದ! ನಾವು ಬರೂಕ್ಕಿಂತ ಮೊದಲ ಮುದುಕ ಚಾಲೂ ಮಾಡಿ ಇಟ್ಟಾನ. ತಣ್ಣಗಿದ್ದಾಗ ಚಾಲೂನ ಆಗೂದಿಲ್ಲ ಕಾಣಸ್ತದ. ಪಕ್ಕಾ ಲುಚ್ಚಾ ಇದ್ದಾನ."

ಪುಣೆಯ ಕನ್ನಡಿಗರಿಗೆಲ್ಲ ಇರುವ ಭ್ರಮೆ ಇದು. ನಾವು ಕನ್ನಡದಲ್ಲಿ ಬೈದರೆ ಸುತ್ತಲಿನವರಿಗೆ ಮಂತ್ರ ಹೇಳಿದಂತೆ ಕೇಳಿಸುತ್ತದೆ ಎಂದು ನಾವು ತಿಳಿದಿರುತ್ತೇವೆ. ಹಿರಿಯರು ಕೆಮ್ಮಿದರು.

"ಮುದುಕ ದಿನಾ ಮುಂಜಾನೆ ಗಾಡಿ ಚಾಲೂ ಮಾಡಿ ಅದರಾಗ ಕೂಡ್ತಾನ್ರಿ ಬಾಯಿ. ನಾಳೆ ಅವ ಏಳೂಕ್ಕಿಂತ ಮೊದಲ ಬಂದು ಮುಟ್ಟಿ ನೋಡ್ರಿ. ನಮ್ಮವ್ವ ಸೊಲ್ಲಾಪುರದ ಕನ್ನಡದಾಕಿ."

ನೆಲ ಬಾಯಿ ಬಿಟ್ಟಿದ್ದರೆ ನಾನು ಗಾಡಿ ಸಮೇತ ಒಳಗೆ ಹೋಗುತ್ತಿದ್ದೆ. ಮಾವಶಿ ಮಾತ್ರ ಎಳ್ಳಷ್ಟೂ ನಾಚದೆ, "ಎಷ್ಟೊತ್ತಿಗೆ ಏಳ್ತೀರಿ?" ಎಂದು ಕೇಳಿದಳು. ಮರುದಿನ ನಸುಕಿನಲ್ಲೇ ಹೋಗಿ, ಗಂಟೆ ಒಂದೇ ಸಲ ಒತ್ತಿ, ತಣ್ಣನೆಯ ಬಾನೆಟ್ಟು ಮುಟ್ಟಿಯೂ ಬಂದಳು. ಗಾಡಿ ಮೊದಲ ಸಲಕ್ಕೇ ಚಾಲೂ ಆಯಿತಂತೆ.

ಇನ್ನು ಅಯಸ್ಕಾಂತದ ಸರದಿ. ಪಾತ್ರೆಗೆ ಅಂಟಬಾರದ ಅಯಸ್ಕಾಂತ ಗಾಡಿಗೆ ಅಂಟಲೇಬೇಕು. ಅಂಟದ ಕಡೆ ತಗಡು ತುಕ್ಕು ಹಿಡಿದು, ತೂತುಗಳಿಗೆ ಪುಟ್ಟಿಯ ಲೇಪ ತುಂಬಿ ಬಣ್ಣ ಬಳಿದಿದ್ದಾರೆ ಎಂದರ್ಥ. ಅವಳು ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ಬಾಗಿಲಿಗೆ ಹಚ್ಚಿದಳು. ಅಂಟಲಿಲ್ಲ. ಬಾನೆಟ್ಟಿಗೆ ಹಚ್ಚಿದಳು. ಅಂಟಲಿಲ್ಲ. ಹಿಂದೆ, ಮುಂದೆ, ಮಡ್ಗಾರ್ಡು, ಎಲ್ಲಿಯೂ ಇಲ್ಲ! ಅವಳ ಮುಖದಲ್ಲಿ ಗೆದ್ದ ಕಳೆ.

"ಕಾಕಾ, ಇದರಾಗ ಗಾಡಿನ ಇಲ್ಲಲ್ರಿ! ಬರೇ ಪುಟ್ಟಿನ ಅದ!"

"ಅಹೋ ಬಾಯಿ, ಇದು ಫೈಬರ್ ಬಾಡಿ! ಹುಟ್ಟಿದಾಗಿಂದ ಇದು ಹಿಂಗ ಅದ. ತಗಡು ಬೇಕಂದ್ರ ಡಬ್ಬಿ ತೊಗೊಳ್ರಿ!"

ಅವಳು ನಂಬಿದಳೇ? ಎಂಟು ದಿನ ಲೈಬ್ರರಿಯಲ್ಲಿ ಕೂತು, ಹಳೆಯ ಮೋಟಾರು ಪತ್ರಿಕೆಗಳನ್ನೆಲ್ಲ ತಿರುವಿ ಹಾಕಿ, ಅಂಥ ಗಾಡಿಗಳು ಇರುವುದು ಹೌದು ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬೆಲೆ ಕೇಳಿದ್ದು. ಹಿರಿಯರು ನಲವತ್ತು ಸಾವಿರ ಅಂದರು. ತಾವು ಕೊಂಡದ್ದು ಅಷ್ಟಕ್ಕೆ, ಕೊಡುವುದೂ ಅಷ್ಟಕ್ಕೇ. "ಲಾಭ ಮಾಡ್ಲಿಕ್ಕೆ ನಾನೇನು ಮಾರ್ಕೆಟ್ ಯಾರ್ಡಿನ್ಯಾಗ ಉಳ್ಳಾಗಡ್ಡಿ ಮಾರ್ತೀನೇನು?"

ನಾನಾಗಿದ್ದರೆ ಅಲ್ಲೇ ಕಾಲಿಗೆ ಬಿದ್ದು ಕೀಲಿ ಇಸಿದುಕೊಳ್ಳುತ್ತಿದ್ದೆ. ಮಾವಶಿಗೆ ಆ ರಾತ್ರಿ ಊಟ ಸೇರಲಿಲ್ಲ. ಇಷ್ಟು ಸೋವಿ ಯಾಕೆ? ಕದ್ದ ಗಾಡಿಯೇ? ಕೋರ್ಟಿನ ಹಳೆಯ ಗೆಳತಿಯರನ್ನು ವಿಚಾರಿಸಿದಳು, ಯಾವ ಕೇಸೂ ಇಲ್ಲ. ಅಪಘಾತವೇ? ಓಣಿಯವರನ್ನು ಕೇಳಿದಳು, ಒಂದು ಗೀರೂ ಬಿದ್ದಿಲ್ಲ. ಎಣ್ಣೆ ಸೋರುತ್ತದೆಯೇ? ಗಾಡಿಯ ಕೆಳಗೆ ಪೇಪರು ಹಾಸಿ ಬಂದು, ಮರುದಿನ ಒಂದು ಹನಿಯೂ ಇಲ್ಲದ ಪೇಪರನ್ನು ಬೇಸರದಿಂದ ಮಡಚಿ ತಂದಳು. ನನಗೆ ಆ ಹಳೆಯ ವರನ ನೆನಪಾಗಿ ಹೆದರಿಕೆಯಾಯಿತು. ಈ ಗಾಡಿಯೂ ಹಾಗೆಯೇ ಕೈಬಿಟ್ಟು ಹೋಗುತ್ತದೆಯೇ?

ಕೊನೆಗೆ ನನ್ನಿಂದ ಮುಂಬಯಿಯ ಒಬ್ಬ ದಲಾಲಿಗೆ ಫೋನು ಮಾಡಿಸಿದಳು. ಇಂಥ ಗಾಡಿ ನಮ್ಮ ಬಳಿ ಇದೆ, ಏನು ಕೊಡುತ್ತೀ ಎಂದು ಕೇಳಬೇಕು. ಅವನು ನೋಡದೆಯೇ ಎರಡೂವರೆ ಲಕ್ಷ ಅಂದ.

"ನೋಡದ ಎರಡೂವರಿ ಅಂದ್ರ ಅವ ಮಾರೂದು ನಾಕಕ್ಕ" ಎಂದು ಮಾವಶಿ ಲೆಕ್ಕ ಹಾಕಿದಳು. ಮೇಲ್ಛಾವಣಿಯ ಹುಡ್ಡು ಹರಿದಿದೆ, ಅದಕ್ಕಿಷ್ಟು ಕಳೆ. ಟೈರು ಬಿರುಕು ಬಿಟ್ಟಿವೆ, ಅದಕ್ಕಿಷ್ಟು. ಬಿಡಿಭಾಗ ಇಲ್ಲಿ ಸಿಗುವುದಿಲ್ಲ, ಅದಕ್ಕೊಂದಿಷ್ಟು. ಹೇಗೆ ಕಳೆದರೂ ನ್ಯಾಯವಾದ ಬೆಲೆ ಎರಡು ಲಕ್ಷಕ್ಕಿಂತ ಕೆಳಗೆ ಇಳಿಯಲಿಲ್ಲ. ಅವಳು ಪೆನ್ನು ಕೆಳಗಿಟ್ಟಳು.

"ಈ ವ್ಯವಹಾರದಾಗ ಯಾರೋ ಒಬ್ರು ಮೋಸ ಮಾಡ್ಲಿಕ್ಕತ್ತಾರ ಅಂತ ನನಗ ಮೊದಲಿಂದ ವಾಸನಿ ಬಂದಿತ್ತು. ಸಿಕ್ಕಿತು ನೋಡು."

"ಯಾರು ಮಾವಶಿ?"

"ನಾನು."

ಎರಡು ಲಕ್ಷ ಅವಳ ಬಳಿ ಇರಲಿಲ್ಲ. ಗಾಡಿಗೆಂದು ತೆಗೆದಿಟ್ಟದ್ದು ಒಂದು ಲಕ್ಷ. ಸುಮ್ಮನೆ ನಲವತ್ತು ಕೊಟ್ಟಿದ್ದರೆ ಕೇಳುವವರು ಯಾರಿದ್ದರು? ಆದರೆ ಅವಳು ನನ್ನನ್ನು ಎಳೆದುಕೊಂಡು ಹಿರಿಯರ ಮನೆಗೆ ಹೋದಳು. ಅಲ್ಲಿ ನಡೆದಂಥ ಚೌಕಾಸಿಯನ್ನು ನಾನು ಎಲ್ಲಿಯೂ ಕಂಡಿಲ್ಲ.

"ಕಾಕಾ, ಒಂದು ಲಕ್ಷ ತೊಗೊಳ್ರಿ. ಉಳದದ್ದು ವರ್ಷಾ ವರ್ಷಾ ಕೊಡ್ತೀನಿ."

"ನಲವತ್ತು ಸಾವಿರ."

"ನಿಮಗ ಗೊತ್ತಿಲ್ಲ. ಮುಂಬಯಿ ದಲಾಲಿ ನೋಡದ ಎರಡೂವರಿ ಅಂದಾನ."

"ದಲಾಲಿಗಳು ಇಲ್ಲೂ ಬಂದಿದ್ರು. ಹೊರಗ ಹಾಕೀನಿ. ಅವರು ಗಾಡಿ ಓಡಸೂದಿಲ್ಲ, ಗಾಜಿನ ಪೆಟಗ್ಯಾಗ ಇಡ್ತಾರ. ನಲವತ್ತು."

"ನಲವತ್ತಕ್ಕ ತೊಗೊಂಡ್ರ ನಾ ಮೋಸಗಾರ್ತಿ ಆಗ್ತೀನ್ರಿ!"

"ಮೋಸ ಹೋಗ್ಲಿಕ್ಕೆ ನನಗ ಹಕ್ಕಿಲ್ಲೇನು? ಚೌಕಾಸಿ ಇಲ್ಲಂತ ಬೋರ್ಡ್ ಓದಿಲ್ಲೇನ್ರಿ ಬಾಯಿ?"

ಬೋರ್ಡಿನ ಮಾತು ಬಂದದ್ದೇ ಮಾವಶಿ ಗೇಟಿನ ಹೊರಗೆ ಹೋದಳು. ಒಂದರ ಕೆಳಗೊಂದು ದೊಡ್ಡದಾಗುತ್ತ ಬಂದ ಆ ಅಕ್ಷರಗಳನ್ನು ನೋಡಿದಳು. ಆಮೇಲೆ ಒಳಗೆ ಬಂದು, ದಿನಾ ಚಾಲೂ ಆದರೂ ಗೇಟು ದಾಟದೆ ನಿಂತ ಗಾಡಿಯನ್ನು ನೋಡಿದಳು.

"ಕಾಕಾ," ಅವಳ ದನಿ ತಗ್ಗಿತ್ತು, "ಕಣ್ಣು ಯಾವಾಗಿಂದ ಮಂಜಾಗ್ಯಾವ?"

ಹಿರಿಯರು ಸ್ಟೇರಿಂಗಿನ ಮೇಲೆ ಕೈ ಆಡಿಸಿದರು. "ಡಾಕ್ಟರು ಇನ್ನ ಏನೂ ಮಾಡ್ಲಿಕ್ಕಾಗೂದಿಲ್ಲ ಅಂದಾರ. ತಳೇಗಾಂವ ರಸ್ತಾದಾಗ ದರಾ ರವಿವಾರ ಹೋಗ್ತಿದ್ದೆ. ಎರಡೂ ಕಡೆ ಹೊಲಾ. ಕಡೀ ಸಲ ಹೋಗಿ ಭಾಳ ವರ್ಷ ಆತು."

ಮಾವಶಿ ಮೂಗು ಒರೆಸಿಕೊಂಡಳು, ಕನ್ನಡಕ ಸರಿ ಮಾಡಿಕೊಂಡಳು, ಮತ್ತೆ ಕೋರ್ಟಿನ ಹೆಂಗಸಾದಳು. "ಹಂಗಾದ್ರ ಕೇಳ್ರಿ. ನಲವತ್ತು ಸಾವಿರಕ್ಕ ನಾ ಒಂದ ಸೀಟು ತೊಗೋತೀನಿ. ಇನ್ನೊಂದು ನಿಮ್ದ. ದರಾ ರವಿವಾರ ಬಂದು ಅದರಾಗ ಕೂಡಬೇಕು. ತಪ್ಪಿಸಿದ್ರ ಗಾಡಿ ವಾಪಸ್."

"ನೀವು ಗಾಡಿ ಹೆಂಗ ಓಡಸ್ತೀರಿ ಅಂತ ಮೊದಲ ನೋಡಬೇಕಲ್ಲ?" ಎಂದು ಹಿರಿಯರೂ ಸಂಶಯಪಟ್ಟರು. ವ್ಯವಹಾರ ಅಲ್ಲಿಗೆ ಮುಗಿಯಿತು.

ಅಂದಿನಿಂದ ಪ್ರತಿ ರವಿವಾರ ಅವರಿಬ್ಬರ ಸವಾರಿ. ನೆಂಟರು ಹೊಟ್ಟೆ ಉರಿದುಕೊಂಡರು, ಓಣಿಯವರು ನಕ್ಕರು. ಎರಡೇ ಸೀಟು, ನನಗಂತೂ ಪಾಳಿಯೇ ಬರಲಿಲ್ಲ. ಆಗ ನನಗೂ ಒಂದು ಸಂಶಯ ಶುರುವಾಯಿತು. ಇವರಿಬ್ಬರೂ ಅಷ್ಟು ಹೊತ್ತು ಏನು ಜಗಳವಾಡುತ್ತಿರಬಹುದು?

ಒಂದು ರವಿವಾರ ಓವರ್‌ಟೈಮ್ ಮುಗಿಸಿ ತಳೇಗಾಂವದಿಂದ ಬೈಕಿನಲ್ಲಿ ಬರುತ್ತಿದ್ದೆ. ರಸ್ತೆಯ ಬದಿ, ಚಹಾದ ಗಾಡಿಯ ಪಕ್ಕದಲ್ಲಿ ಕೆಂಪು ಗಾಡಿ ನಿಂತಿತ್ತು. ಹುಡ್ಡು ಮಡಚಿತ್ತು. ಬೈಕು ನಿಲ್ಲಿಸಿ ಹಿಂದಿನಿಂದ ಹೋದ ನಾನು ಅವರಿಗೆ ಕಾಣಲಿಲ್ಲ. ಎಡಕ್ಕೂ ಬಲಕ್ಕೂ ಕಾಂಪೌಂಡುಗಳು, ಅರ್ಧ ಕಟ್ಟಿದ ಬಿಲ್ಡಿಂಗುಗಳು, ಕಬ್ಬಿಣದ ಸರಳುಗಳು. ಎದುರಿಗೇ ಕಾಂಕ್ರೀಟು ಕಲೆಸುವ ಮಶೀನು ಗಡಗಡ ತಿರುಗುತ್ತಿತ್ತು.

"ಎಡಕ್ಕ ಏನದ?" ಕಾಕಾ ಕೇಳಿದರು.

"ಹೊಲಾ ರೀ. ಜ್ವಾಳದ್ದು. ತೆನಿ ಹಾಲುಗಾಳು ಕಟ್ಟ್ಯಾವ."

"ಹಕ್ಕಿ ಬಂದಾವೇನು?"

"ಬಂದಾವ. ಒಬ್ಬಾಕಿ ಅಟ್ಟದ ಮ್ಯಾಲೆ ನಿಂತು ಕವಣಿ ಬೀಸ್ಲಿಕ್ಕತ್ತಾಳ."

"ಆ ಗಡಗಡ ಏನು?"

ಮಾವಶಿ ಮಶೀನಿನ ಕಡೆ ನೋಡಿದಳು. "ಕಬ್ಬಿನ ಗಾಣ ರೀ ಕಾಕಾ."

ಜೀವಮಾನವೆಲ್ಲ ಬೇರೆಯವರ ಸುಳ್ಳು ಟೈಪ್ ಮಾಡಿದವಳು, ತಾನೇ ಬಾಯಿಬಿಟ್ಟು ಒಂದೇ ಒಂದು ಸುಳ್ಳು ಹೇಳಿದ್ದನ್ನು ನಾನು ಅಂದಿನವರೆಗೆ ಕೇಳಿರಲಿಲ್ಲ. ಗಾಳಿ ಬೀಸಿ ಸಿಮೆಂಟಿನ ಧೂಳು ಅವರಿಬ್ಬರ ಮೇಲೂ ಬಂತು. ಕಾಕಾನ ಕಿವಿ ಚೆನ್ನಾಗಿದೆ ಎಂದು ಅವರ ಬೋರ್ಡೇ ಹೇಳುತ್ತಿತ್ತು, ಮೂಗೂ ಚೆನ್ನಾಗಿಯೇ ಇದ್ದಿರಬೇಕು. ಅವರು ಆ ಗಾಳಿಯನ್ನು ದೀರ್ಘವಾಗಿ ಎಳೆದುಕೊಂಡರು.

"ಹೌದು," ಅಂದರು, "ಬೆಲ್ಲದ ವಾಸನಿ ಬರ್ಲಿಕ್ಕತ್ತದ."

ನಾನು ಬೈಕು ಚಾಲೂ ಮಾಡದೆ, ಸಪ್ಪಳವಾಗದಂತೆ ತಳ್ಳಿಕೊಂಡು ಬಂದ ದಾರಿಯಲ್ಲೇ ಹಿಂದಕ್ಕೆ ದೂರದವರೆಗೆ ನಡೆದೆ.

ಮನೆ ಮುಟ್ಟುವಾಗ ಮಾವಶಿ ನನಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದಳು. "ಯಾಕ ತಡಾ ಆತು?"

"ಪಂಕ್ಚರ್ ಆಗಿತ್ತು."

ಬೇರೆ ದಿನವಾಗಿದ್ದರೆ ಕೆಳಗಿಳಿದು ಹೋಗಿ ಟೈರು ಮುಟ್ಟಿ ನೋಡುತ್ತಿದ್ದಳು, ಯಾವ ಅಂಗಡಿಯಲ್ಲಿ ತೇಪೆ ಹಾಕಿಸಿದೆ ಎಂದು ಕೇಳುತ್ತಿದ್ದಳು. ಆವತ್ತು ನನ್ನ ಮುಖವನ್ನು, ಕೆಂಪಾದ ಕಣ್ಣನ್ನು ಸುಮ್ಮನೆ ನೋಡಿದಳು. ಅವಳ ಕೂದಲಲ್ಲಿ ಇನ್ನೂ ಸಿಮೆಂಟಿನ ಧೂಳಿತ್ತು.

"ಹೌದಾ? ಕೈ ತೊಳಕೋ, ತಾಟು ಹಾಕ್ತೀನಿ" ಎಂದು ಹೇಳಿ ಒಳಗೆ ಹೋದಳು.